ಮನ್ಯಾಗಿನ ಲೆಕ್ಕ, ಭಾಗ 4: ಕುಸರೆಳ್ಳಿಗೆ ಕೂಲಿ ಇಲ್ಲೇನು?

ಮೊದಲ್ನೇ ಫೋಟೋ ಕುಸರೆಳ್ಳು. ಎರಡನೇದು ಸ್ವೈಪ್ ಮಾಡಿ ನೋಡ್ರಿ, ನಮ್ಮವ್ವನ ಬೆರಳು.

ಸಂಕ್ರಮಣ ಬಂತಂದ್ರ ಜಮಖಂಡಿ ಪ್ಯಾಟ್ಯಾಗ ಬಣ್ಣಬಣ್ಣದ ಕುಸರೆಳ್ಳು ಪಾಕೀಟಿನಾಗ ಸಿಗ್ತಾವ. ನಮ್ಮವ್ವ ಇನ್ನೂ ಕೈಲೇ ಮಾಡ್ತಾಳ. ಎಳ್ಳು ಆರಿಸಿ, ತೊಳೆದು, ಒಣಗಿಸಬೇಕು. ಸಕ್ಕರಿ ಪಾಕಕ್ಕ ಒಂಚೂರು ಹಾಲು ಹಾಕಿ, ಮ್ಯಾಲೆ ಬಂದ ಕೊಳೆ ತೆಗೆದು ಸೋಸಬೇಕು. ಆಮ್ಯಾಲೆ ಸಣ್ಣ ಕೆಂಡದ ಮ್ಯಾಲೆ ಪರಾತ ಇಟ್ಟು, ಎಳ್ಳಿಗೆ ಒಂದು ಚಮಚ ಪಾಕ ಬಿಡೋದು, ಒಣಗೂತನಕ ಬೆರಳಿಂದ ಆಡಿಸೋದು, ಮತ್ತೊಂದು ಚಮಚ ಬಿಡೋದು. ಪಾಕ ಜಾಸ್ತಿ ಬಿತ್ತೋ, ಎಲ್ಲಾ ಗಂಟು. ಉರಿ ಜಾಸ್ತಿ ಆತೋ, ಎಳ್ಳು ಕೆಂಪಗ. ಹಿಂಗ ನಾಲ್ಕೈದು ದಿನ ಕುಂತ್ರ ಒಂದೊಂದು ಎಳ್ಳಿಗೂ ಬಿಳಿ ಮುಳ್ಳು ಏಳ್ತಾವ. ಮಹಾರಾಷ್ಟ್ರದಾಗ ಇದಕ್ಕ ಹಲವಾ ಅಂತಾರ, ಹೊಸ ಸೊಸಿಗೆ, ಕೂಸಿಗೆ ಇದನ್ನೇ ಪೋಣಿಸಿ ದಾಗೀನ ಹಾಕ್ತಾರ. ಈ ವರ್ಷ ನಾನೂ ಪರಾತದ ಮುಂದ ಕುಂತೆ. ಇಪ್ಪತ್ತು ನಿಮಿಷಕ್ಕ ಕಾಲು ಜೋಮು ಹಿಡೀತು, ಫೋನ್ ನೆವಾ ಮಾಡಿ ಎದ್ದೆ.

ಹೋದ ವರ್ಷದಿಂದ ಅವ್ವ ಓಣಿಯವರ ಆರ್ಡರ್ ತಗೊಳ್ಳಾಕತ್ತಾಳ. ಕುಸರೆಳ್ಳು, ಶೇಂಗಾ ಹೋಳಿಗಿ, ಎಳ್ಳು ಹೋಳಿಗಿ. ತಿಂದವರೆಲ್ಲಾ "ನಿಮ್ಮ ಕೈಗುಣನ ಬ್ಯಾರೆ ಬಿಡ್ರಿ, ಎಷ್ಟು ಪ್ರೀತಿಯಿಂದ ಮಾಡೀರಿ" ಅಂತಾರ. ರೇಟು ಹೇಳಿದ ಕೂಡ್ಲೇ ಅದೇ ಬಾಯಿ: "ಸಕ್ಕರಿ ಎಷ್ಟು ಹತ್ತೈತ್ರಿ? ಮನ್ಯಾಗ ಮಾಡಿದ್ದಲ್ಲೇನು?"

ಬಿಕಾಂ ಮಂದಿ, ಕಾಸ್ಟ್ ಶೀಟ್ ನೆನಪೈತಿಲ್ಲ? ಮಟೀರಿಯಲ್ ಬರ್ದು ಲೇಬರ್ ಬಿಟ್ರ ಪ್ರೈಮ್ ಕಾಸ್ಟೇ ತಪ್ಪು. ಪರೀಕ್ಷಾದಾಗ ನಾವು ಬಿಡಂಗಿಲ್ಲ. ಮನ್ಯಾಗ ಮಾತ್ರ ಆ ಸಾಲಿನಾಗ ರೂಪಾಯಿ ಬದಲಿ "ಪ್ರೀತಿ" ಅಂತ ಬರೀತೀವಿ. ಅವ್ವನ ಲೆಕ್ಕ ನಾನೇ ಹಾಕಿದೆ: ದಿನಕ್ಕ 3 ತಾಸು, 5 ದಿನ, ಒಟ್ಟು 15 ತಾಸು. ಸಕ್ಕರಿ, ಎಳ್ಳು, ಇದ್ದಲಿ ಕಳೆದು ಉಳಿದದ್ದು 180 ರೂಪಾಯಿ. ತಾಸಿಗೆ 12.

ನಾನೂ ಏನ್ ಸಾಚಾ ಅಲ್ಲ. ಹೈಸ್ಕೂಲಿನಾಗ ಡಬ್ಬಿ ತುಂಬಿ ಹಂಚಿ, "ನಮ್ಮವ್ವಗ ಇದೇನು ತ್ರಾಸಲ್ಲ" ಅಂದಾಕಿ ನಾನ.

ಹಬ್ಬದ ಸಂಜಿ ಮನಿಮನಿಗೆ ಹೋಗಿ, ಹಿರಿಯರ ಕೈಗೆ ಕುಸರೆಳ್ಳು ಕೊಟ್ಟು ಕಾಲು ಮುಟ್ಟೋದಕ್ಕೂ ಬಿಲ್ ಹಾಕ್ರಿ ಅಂತ ನಾ ಹೇಳಾಕತ್ತಿಲ್ಲ. ಅದು ಕೊಡೋದು. ಆದ್ರ ಯಾವುದು ಕೊಡೋದು, ಯಾವುದು ಮಾರೋದು ಅಂತ ಮಾಡಿದಾಕಿ ಹೇಳಬೇಕು, ತಗೊಳ್ಳಾವ್ರಲ್ಲ.

ಮುಂದಿನ ಸಂಕ್ರಮಣದ ರೇಟ್ ಬೋರ್ಡ್ ನಾನೇ ಬರೀತೀನಿ, ಕೂಲಿ ಸೇರಿಸಿ. "ಯಾರೂ ತಗೊಳ್ಳಂಗಿಲ್ಲ ಬಿಡವಾ" ಅಂತ ಅವ್ವ ನಗಾಕತ್ತಾಳ. ನೋಡೋಣು. ಪರಾತದ ಮುಂದ ನಾನೂ ಅರ್ಧ ತಾಸು ದಾಟಿಸ್ಬೇಕು.