ಡೇಜಾನ್ ಬೆಂಕಿ: ಹೊಣೆಗೇಡಿತನದ ಫಲ

ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ 2025ರ ಸೆಪ್ಟೆಂಬರ್ 26ರ ರಾತ್ರಿ ಹೊತ್ತಿಕೊಂಡ ಬೆಂಕಿಯನ್ನು ಆಕಸ್ಮಿಕ ಎನ್ನುವುದು ತಪ್ಪು. ವಾರಂಟಿ ಮುಗಿದ ಬ್ಯಾಟರಿಗಳನ್ನು ಸರ್ವರ್‌ಗಳ ಮಗ್ಗುಲಲ್ಲೇ ಇಟ್ಟುಕೊಂಡಿದ್ದರು. ಅವುಗಳಲ್ಲಿ ಚಾರ್ಜ್ ತುಂಬಿರುವಾಗಲೇ ಕೇಬಲ್ ಬಿಚ್ಚಲು ಕೆಲಸಗಾರರನ್ನು ಕಳಿಸಿದರು. ಸರ್ಕಾರಿ ನೌಕರರ ಕಡತಗಳಿಗೆ ಬೇರೆ ಊರಿನಲ್ಲಿ ಒಂದು ಪ್ರತಿಯನ್ನೂ ಇಟ್ಟಿರಲಿಲ್ಲ. ಇಷ್ಟನ್ನೂ ತಿಳಿದೇ ಮಾಡಿದ ಆಡಳಿತ ಇಂದು ದುರದೃಷ್ಟದ ಮಾತಾಡುವ ಹಕ್ಕನ್ನು ಕಳೆದುಕೊಂಡಿದೆ.

ನಷ್ಟ ಎಷ್ಟೆಂಬುದು ಮೊದಲು ತಿಳಿಯಲಿ. ಈ ಕೇಂದ್ರವನ್ನು ನಡೆಸುವ ರಾಷ್ಟ್ರೀಯ ಮಾಹಿತಿ ಸಂಪನ್ಮೂಲ ಸೇವಾ ಸಂಸ್ಥೆಯ ಐದನೇ ಮಹಡಿಯಲ್ಲಿ ಎದ್ದ ಬೆಂಕಿ ಆರಲು ಸುಮಾರು 22 ಗಂಟೆ ಬೇಕಾಯಿತು. 384 ಬ್ಯಾಟರಿ ಪ್ಯಾಕ್‌ಗಳು ಸುಟ್ಟವು. 96 ಸರ್ಕಾರಿ ವ್ಯವಸ್ಥೆಗಳು ನೇರವಾಗಿ ಬೆಂಕಿಗೆ ಆಹುತಿಯಾದವು. ಒಟ್ಟು 647 ವ್ಯವಸ್ಥೆಗಳು ನಿಂತಿವೆ ಎಂದು ಮೊದಲು ಹೇಳಿದ ಸರ್ಕಾರ, ಎರಡು ವಾರ ತುಂಬುವಷ್ಟರಲ್ಲಿ ಆ ಸಂಖ್ಯೆಯನ್ನು 709 ಎಂದು ತಿದ್ದಿಕೊಂಡಿತು. ಯಾವ ವ್ಯವಸ್ಥೆ ಎಲ್ಲಿದೆ ಎಂದು ನೋಡಿಕೊಳ್ಳುವ ತಂತ್ರಾಂಶವೇ ಬೆಂಕಿಯಿಂದಾಗಿ ನಿಂತುಹೋಗಿದ್ದರಿಂದ, ತನ್ನ ಬಳಿ ಏನೇನಿತ್ತು ಎಂಬುದೂ ಅಷ್ಟು ದಿನ ಸರ್ಕಾರಕ್ಕೆ ಸರಿಯಾಗಿ ತಿಳಿದಿರಲಿಲ್ಲ! ಮೊಬೈಲ್ ಗುರುತಿನ ಚೀಟಿ ಕೆಲಸ ಮಾಡಲಿಲ್ಲ. ಚುಸೋಕ್ ಹಬ್ಬ ಹತ್ತಿರವಾಗಿ ಮನೆಮನೆಗೂ ಉಡುಗೊರೆಯ ಪಾರ್ಸೆಲ್ ಹೋಗುವ ಹೊತ್ತಿನಲ್ಲಿ ಅಂಚೆ ಸೇವೆ ತತ್ತರಿಸಿತು. ಚಿತಾಗಾರಕ್ಕೆ ಸಮಯ ಕಾಯ್ದಿರಿಸುವ ಆನ್‌ಲೈನ್ ವ್ಯವಸ್ಥೆಯೂ ನಿಂತಿತು. ಸತ್ತವರ ಮನೆಯವರು ಒಂದೊಂದು ಚಿತಾಗಾರವನ್ನೂ ತಾವೇ ವಿಚಾರಿಸಿಕೊಂಡು ಅಂತ್ಯಕ್ರಿಯೆಗೆ ಹೊತ್ತು ಗೊತ್ತುಮಾಡಿಕೊಳ್ಳಬೇಕಾಯಿತು.

ಸರ್ಕಾರಿ ನೌಕರರು ದಿನದ ಕಡತಗಳನ್ನು ಇಡುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದರ ಗಾತ್ರ ದೊಡ್ಡದಾದ್ದರಿಂದ ಹೊರಗೆ ಬ್ಯಾಕಪ್ ಇಡಲು ಆಗಿರಲಿಲ್ಲ ಎಂಬುದು ಸರ್ಕಾರದ ಸಮಜಾಯಿಷಿ. ಒಪ್ಪಲಾಗದ ಮಾತು. ನೌಕರರು ತಮ್ಮ ಕಂಪ್ಯೂಟರಿನಲ್ಲಿ ಕಡತ ಇಟ್ಟುಕೊಳ್ಳುವುದನ್ನು ಬಿಟ್ಟು ಇಲ್ಲೇ ಇಡಲಿ ಎಂದು ಸರ್ಕಾರವೇ ಮುಂದೆ ನಿಂತು ಜಾರಿಗೆ ತಂದ ವ್ಯವಸ್ಥೆ ಇದು. ಎಲ್ಲರ ಗಂಟನ್ನೂ ತನ್ನ ವಶಕ್ಕೆ ತೆಗೆದುಕೊಂಡವನು ಗಂಟು ಬಹಳ ದೊಡ್ಡದಿತ್ತು, ಅದಕ್ಕೇ ಕಾಯಲಿಲ್ಲ ಎಂದರೆ ಯಾರು ಕ್ಷಮಿಸುತ್ತಾರೆ?

ಇನ್ನು ಬೆಂಕಿಯ ಮೂಲಕ್ಕೆ ಬರೋಣ. ಡೇಟಾ ಸೆಂಟರ್‌ನಲ್ಲಿ ಕರೆಂಟು ಹೋದಾಗ ಜನರೇಟರ್ ಎದ್ದು ಭಾರ ಹೊರುವವರೆಗಿನ ಅಷ್ಟು ಹೊತ್ತು ಸರ್ವರ್‌ಗಳನ್ನು ನಡೆಸುವುದು ಯುಪಿಎಸ್ ಮತ್ತು ಅದರ ಬ್ಯಾಟರಿ. ಹಿಂದೆ ಇದಕ್ಕೆ ಸೀಸದ ಬ್ಯಾಟರಿಗಳಿದ್ದವು. ಅವು ಭಾರ, ಜಾಗ ಹೆಚ್ಚು ಬೇಡುತ್ತವೆ, ಬೇಗ ಬದಲಿಸಬೇಕು. ಲಿಥಿಯಂ-ಅಯಾನ್ ಬ್ಯಾಟರಿ ಹಗುರ, ಚಿಕ್ಕದು, ಬಾಳಿಕೆ ಹೆಚ್ಚು. ಆದರೆ ಕೆಟ್ಟರೆ ಅದರ ಗುಣವೇ ಬೇರೆ. ಒಂದು ಕೋಶ ಮಿತಿ ಮೀರಿ ಕಾದರೆ ಒಳಗಿನ ರಾಸಾಯನಿಕ ಕ್ರಿಯೆ ತಾನೇ ಶಾಖ ಹುಟ್ಟಿಸುತ್ತಾ ಹೋಗುತ್ತದೆ, ಉರಿಯುವ ಅನಿಲ ಉಗುಳುತ್ತದೆ, ಪಕ್ಕದ ಕೋಶವನ್ನೂ ಕಾಯಿಸುತ್ತದೆ. ಸರ್ವರ್ ಕೋಣೆಗಳಲ್ಲಿ ಬೆಂಕಿ ನಂದಿಸಲು ಸಾಮಾನ್ಯವಾಗಿ ಅನಿಲ ತುಂಬಿದ ಸಿಲಿಂಡರ್‌ಗಳನ್ನು ಕೂಡಿಸಿರುತ್ತಾರೆ. ನೀರು ತಾಗಿದರೆ ಯಂತ್ರ ಹಾಳಾಗುತ್ತದೆ ಎಂಬುದು ಕಾರಣ. ಈ ಅನಿಲ ಜ್ವಾಲೆಯನ್ನು ಅಡಗಿಸಬಹುದು, ಕೋಶದೊಳಗಿನ ಕಾವನ್ನು ಇಳಿಸಲಾರದು. ಲಿಥಿಯಂ ಬ್ಯಾಟರಿಯ ಬೆಂಕಿಗೆ ಬೇಕಾದದ್ದು ನೀರು, ಅದೂ ಧಾರಾಳವಾಗಿ, ಬಹಳ ಹೊತ್ತು. ಡೇಜಾನ್‌ನಲ್ಲಿ ಕೊನೆಗೆ ಮಾಡಿದ್ದೂ ಅದನ್ನೇ: ಸುಟ್ಟು ಕರಕಲಾದ ಪ್ಯಾಕ್‌ಗಳನ್ನು ಒಂದೊಂದಾಗಿ ಹೊರಗೆ ತಂದು ನೀರಿನ ತೊಟ್ಟಿಗಳಲ್ಲಿ ಮುಳುಗಿಸಿಟ್ಟರು.

ಇಂಥ ಬ್ಯಾಟರಿಗೂ ಸರ್ವರ್‌ಗೂ ನಡುವೆ ಐದನೇ ಮಹಡಿಯಲ್ಲಿ ಇದ್ದ ಅಂತರ ಸುಮಾರು 60 ಸೆಂಟಿಮೀಟರ್. ಒಬ್ಬ ಮನುಷ್ಯ ಮೈ ತಿರುಗಿಸಿ ಹಾದುಹೋಗುವಷ್ಟು ಜಾಗ. ಗೋಡೆಯಿಲ್ಲ. ಬ್ಯಾಟರಿಗಳನ್ನು ಕೂಡಿಸಿದ್ದು 2014ರಲ್ಲಿ. ಹತ್ತು ವರ್ಷದ ವಾರಂಟಿ 2024ಕ್ಕೆ ಮುಗಿದಿತ್ತು. ಅದೇ ವರ್ಷದ ತಪಾಸಣೆಯಲ್ಲಿ ಬದಲಿಸಿ ಎಂಬ ಸಲಹೆಯೂ ಬಂದಿತ್ತು. ಬದಲಿಸಲಿಲ್ಲ. ಬದಲಿಗೆ, ಇರುವ ಬ್ಯಾಟರಿಗಳನ್ನೇ ಸುರಕ್ಷತೆಗೆಂದು ನೆಲಮಾಳಿಗೆಗೆ ಸಾಗಿಸಲು ಹೊರಟರು. ಸಾಗಿಸುವ ಮುನ್ನ ಚಾರ್ಜನ್ನು ಶೇ 30ಕ್ಕಿಂತ ಕೆಳಗಿಳಿಸಬೇಕೆಂಬುದು ಈ ಕೆಲಸ ಬಲ್ಲವರ ರೂಢಿ. ಕೇಬಲ್ ಬಿಚ್ಚುವಾಗ ಸುಮಾರು ಶೇ 80ರಷ್ಟು ಚಾರ್ಜ್ ಇತ್ತೆಂದು ಪೊಲೀಸ್ ತನಿಖೆ ಹೇಳಿದೆ. ಬೆಂಕಿ ತಡೆಯಲೆಂದು ಕೈಗೊಂಡ ಕೆಲಸವೇ ಬೆಂಕಿ ಹಚ್ಚಿತು. ಉದ್ದೇಶ ಒಳ್ಳೆಯದಿತ್ತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಮಾಡುವ ರೀತಿ ಗೊತ್ತಿದ್ದೂ ಹಾಗೆ ಮಾಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಮೊದಲ ಲೆಕ್ಕದ 647ರಲ್ಲಿ ಸುಟ್ಟದ್ದು 96. ಉಳಿದ 551 ವ್ಯವಸ್ಥೆಗಳಿಗೆ ಕಿಡಿಯೂ ತಾಗಿರಲಿಲ್ಲ. ಅವು ನಿಂತದ್ದು ತಂಪಿಲ್ಲದೆ. ಬೆಂಕಿಯಿಂದ ಉಷ್ಣತೆ ಮತ್ತು ತೇವಾಂಶ ಕಾಯುವ ಯಂತ್ರಗಳು ಕೆಟ್ಟವು. ಸರ್ವರ್ ಉಂಡ ಕರೆಂಟೆಲ್ಲ ಶಾಖವಾಗಿಯೇ ಹೊರಬರುವುದರಿಂದ, ತಂಪು ನಿಂತ ಕೋಣೆಯಲ್ಲಿ ಅವನ್ನು ಓಡಿಸಿದರೆ ಹಾಳಾಗುತ್ತವೆಂದು ಸಿಬ್ಬಂದಿಯೇ ಆರಿಸಬೇಕಾಯಿತು. ಒಂದು ಕೋಣೆಯ ವಿದ್ಯುತ್ ಕೆಲಸದಲ್ಲಿ ಆದ ತಪ್ಪು ಬೆಂಕಿಯಾಯಿತು, ಬೆಂಕಿ ತಂಪನ್ನು ಕೆಡಿಸಿತು, ತಂಪಿಲ್ಲದೆ ದೇಶದ ಆಡಳಿತ ನಿಂತಿತು. ಯಂತ್ರಗಳಿಗೆ ನೀರು ತಾಗೀತೆಂಬ ಅಂಜಿಕೆಯಿಂದ ಅಗ್ನಿಶಾಮಕದವರ ಕೈ ಮೊದಲಿಗೆ ಕಟ್ಟಿಹಾಕಿದಂತಾಯಿತು. ವಿದ್ಯುತ್, ತಂಪು, ಅಗ್ನಿರಕ್ಷಣೆ ಈ ಮೂರೂ ಒಂದೇ ದೇಹದ ಅಂಗಗಳು. ಇವನ್ನು ಮೂರು ಟೆಂಡರ್, ಮೂರು ಗುತ್ತಿಗೆದಾರ, ಮೂರು ಬಿಲ್ ಎಂದು ಬೇರೆ ಮಾಡಿ, ಒಂದು ಕೆಟ್ಟರೆ ಉಳಿದೆರಡು ಏನಾಗುತ್ತವೆ ಎಂದು ಕೇಳುವ ಒಬ್ಬನನ್ನೂ ನೇಮಿಸದ ಕಟ್ಟಡ ಎಷ್ಟೇ ದುಬಾರಿಯಾದರೂ ಅದು ಡೇಟಾ ಸೆಂಟರ್ ಅಲ್ಲ.

ಇದು ಕೊರಿಯಾಕ್ಕೆ ಗೊತ್ತಿರದ ಪಾಠವೂ ಅಲ್ಲ. 2022ರ ಅಕ್ಟೋಬರ್ 15ರಂದು ಪಾಂಗ್ಯೊದ ಎಸ್‌ಕೆ ಡೇಟಾ ಸೆಂಟರ್‌ನ ನೆಲಮಾಳಿಗೆಯಲ್ಲಿ ಲಿಥಿಯಂ ಬ್ಯಾಟರಿ ಹೊತ್ತಿತ್ತು. ನೀರು ಹಾಯಿಸಬೇಕಾದರೆ ಕಟ್ಟಡದ ವಿದ್ಯುತ್ತನ್ನೇ ಕಡಿಯಬೇಕಾಯಿತು. ಆ ಕೇಂದ್ರವನ್ನು ನೆಚ್ಚಿದ್ದ, ಕೋಟ್ಯಂತರ ಜನ ಬಳಸುವ ಕಕಾವೊ ಕಂಪನಿಯ ಸೇವೆಗಳು ಪೂರ್ತಿ ಮರಳಲು 127 ಗಂಟೆ ದಾಟಿತು. ಆಗ ಸರ್ಕಾರ ಖಾಸಗಿ ಕಂಪನಿಯ ಕಿವಿ ಹಿಂಡಿತು. ತನ್ನ ಡೇಜಾನ್ ಕೇಂದ್ರಕ್ಕೆ ಬೆಂಕಿ ಬಿದ್ದರೆ ಮೂರು ಗಂಟೆಯೊಳಗೆ ಎಲ್ಲ ಸರಿಪಡಿಸುತ್ತೇವೆ ಎಂದೂ ಹೇಳಿಕೊಂಡಿತು. ಮೂರು ವರ್ಷದಲ್ಲಿ ಆ ಮಾತು ಪರೀಕ್ಷೆಗೆ ಬಂತು. ತಿಂಗಳಾದರೂ ಎಲ್ಲ ಸೇವೆ ಮರಳಲಿಲ್ಲ.

ಯುರೋಪು ಇನ್ನೂ ಮೊದಲೇ ಇದನ್ನು ಕಂಡಿತ್ತು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಕಂಪನಿಯ ಐದು ಮಹಡಿಯ ಕಟ್ಟಡವೊಂದು ಸುಟ್ಟು ಬೂದಿಯಾಯಿತು. ಎಸಿ ಇಲ್ಲದೆ ಹೊರಗಾಳಿಯಿಂದಲೇ ತಂಪು ಮಾಡುತ್ತೇವೆ ಎಂದು ಹೆಮ್ಮೆಯಿಂದ ಕಟ್ಟಿದ ಆ ವಿನ್ಯಾಸ ಬೆಂಕಿಗೆ ಚಿಮಣಿಯಂತೆ ಒದಗಿತು. ತಾನಾಗಿ ಬೆಂಕಿ ನಂದಿಸುವ ವ್ಯವಸ್ಥೆ ಇರಲಿಲ್ಲ. ವಿದ್ಯುತ್ತನ್ನು ಒಂದೇ ಏಟಿಗೆ ಕಡಿಯುವ ಸ್ವಿಚ್ಚೂ ಇರಲಿಲ್ಲ. ಕರೆಂಟು ನಿಲ್ಲಿಸುವಷ್ಟರಲ್ಲಿ ಸುಮಾರು ಮೂರು ಗಂಟೆ ಕಳೆಯಿತು ಎಂದು ಅಲ್ಲಿನ ಅಗ್ನಿಶಾಮಕ ಇಲಾಖೆಯ ವರದಿ ದಾಖಲಿಸಿದೆ. ತಂಪಿನ ಖರ್ಚು ಉಳಿಸಿದ ಎಂಜಿನಿಯರ್ ಅಗ್ನಿರಕ್ಷಣೆಯವರ ಜೊತೆ ಕೂತು ಮಾತಾಡಿದ್ದರೆ ಆ ಕಟ್ಟಡವನ್ನು ಹಾಗೆ ಕಟ್ಟುತ್ತಿರಲಿಲ್ಲ.

ಇದನ್ನೆಲ್ಲ ತಡೆಯಲು ಬೇಕಾದದ್ದು ಇಷ್ಟೇ: ಬ್ಯಾಟರಿಗೆ ಬೇರೆ ಕೋಣೆ, ಎರಡು ಗಂಟೆ ಬೆಂಕಿ ತಡೆಯುವ ಗೋಡೆ, ಅನಿಲ ಸೋರಿದ ಕೂಡಲೇ ಎಚ್ಚರಿಸುವ ಸಂವೇದಕ, ನೀರಿನ ಸ್ಪ್ರಿಂಕ್ಲರ್, ಆ ನೀರು ಸರ್ವರ್ ಕಡೆ ಹರಿಯದಂತೆ ಇಳಿಜಾರು ಮತ್ತು ಚರಂಡಿ. ಇದರಲ್ಲಿ ಯಾವುದೂ ಹೊಸ ಸಂಶೋಧನೆಯಲ್ಲ, ಯಾವುದಕ್ಕೂ ವಿದೇಶಿ ತಜ್ಞ ಬೇಕಿಲ್ಲ. ಇವೆಲ್ಲ ತಿನ್ನುವುದು ಜಾಗವನ್ನು. ಆ ಜಾಗದಲ್ಲಿ ಇನ್ನಷ್ಟು ಸರ್ವರ್ ಕೂಡಿಸಬಹುದಿತ್ತಲ್ಲ ಎಂಬ ಲೆಕ್ಕಾಚಾರ ಪ್ರತಿ ಬಾರಿಯೂ ಗೆಲ್ಲುತ್ತದೆ. ಡೇಜಾನ್‌ನಲ್ಲಿ ಕೆಲಸಗಾರರನ್ನು ಹಿಡಿದು ಕೇಸು ಹಾಕುವುದು ಸುಲಭ. ಬ್ಯಾಟರಿಯನ್ನು ಸರ್ವರ್ ಪಕ್ಕ ಇಡಲು ನಕ್ಷೆಗೆ ಸಹಿ ಹಾಕಿದವರು, ಬದಲಿಸಿ ಎಂಬ ಸಲಹೆಯನ್ನು ಕಡತದಲ್ಲಿ ಮಲಗಿಸಿದವರು, ಬ್ಯಾಕಪ್‌ಗೆ ಹಣ ಕೊಡದವರು ಇವರೇ ಮೊದಲ ಆರೋಪಿಗಳಾಗಬೇಕು. ಅಧ್ಯಕ್ಷ ಲೀ ಜೇ-ಮ್ಯುಂಗ್ ಜನರ ಕ್ಷಮೆ ಕೇಳಿದ್ದಾರೆ. ಸಾಲದು.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಕೈಬರಹದ ಪಹಣಿಗೆ ಮಾನ್ಯತೆ ಹೋಗಿ ಎರಡು ದಶಕ ದಾಟಿದೆ. ರೈತನ ಜಮೀನು, ನಗರದ ಮನೆಯ ಇ-ಖಾತಾ, ಕಾವೇರಿ ತಂತ್ರಾಂಶದ ನೋಂದಣಿ, ಪಿಂಚಣಿ ಎಲ್ಲವೂ ಇಂದು ಯಾವುದೋ ಕಟ್ಟಡದ ಸರ್ವರ್‌ಗಳಲ್ಲಿವೆ. ಸರ್ವರ್ ಡೌನ್ ಎಂದು ಉಪನೋಂದಣಿ ಕಚೇರಿಯಿಂದ ಬರಿಗೈಲಿ ಮರಳುವುದು ನಮ್ಮ ಜನಕ್ಕೆ ರೂಢಿಯಾಗಿಬಿಟ್ಟಿದೆ. ಆ ಸರ್ವರ್ ಮರಳಿ ಬಾರದೇ ಹೋದರೆ ಏನೆಂಬುದನ್ನು ಯಾರೂ ಕೇಳುತ್ತಿಲ್ಲ. 2022ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ ಡೇಟಾ ಸೆಂಟರ್‌ಗಳನ್ನು ಮೂಲಸೌಕರ್ಯದ ಪಟ್ಟಿಗೆ ಸೇರಿಸುವುದಾಗಿ ಸಾರಿತು. ರಾಜ್ಯ 2022–27ರ ಡೇಟಾ ಸೆಂಟರ್ ನೀತಿ ತಂದು ಹೂಡಿಕೆದಾರರಿಗೆ ರಿಯಾಯಿತಿಗಳನ್ನು ಪ್ರಕಟಿಸಿತು. ರಿಯಾಯಿತಿ ಕೊಡುವ ಸರ್ಕಾರಕ್ಕೆ ಷರತ್ತು ಹಾಕುವ ಅಧಿಕಾರವೂ ಇದೆ.

ಆದ್ದರಿಂದ ರಾಜ್ಯ ಸರ್ಕಾರ ತನ್ನ ದತ್ತಾಂಶವಿರುವ ಪ್ರತಿ ಕೇಂದ್ರದ ಬಗ್ಗೆ ಸದನದ ಮುಂದೆ ಲಿಖಿತವಾಗಿ ಉತ್ತರ ಕೊಡಬೇಕು. ಯುಪಿಎಸ್ ಬ್ಯಾಟರಿ ಯಾವ ಬಗೆಯದು, ಯಾವ ವರ್ಷದ್ದು? ಅದಕ್ಕೂ ಸರ್ವರ್‌ಗೂ ನಡುವೆ ಗೋಡೆ ಇದೆಯೇ? ತಂಪು ಮಾಡುವ ಚಿಲ್ಲರ್‌ಗಳು ನಿಂತರೆ ಕೋಣೆ ಎಷ್ಟು ನಿಮಿಷ ತಡೆಯುತ್ತದೆ ಎಂದು ಅಳೆದಿದ್ದಾರೆಯೇ? ಇಡೀ ಕಟ್ಟಡದ ವಿದ್ಯುತ್ ಕಡಿಯುವ ಸ್ವಿಚ್ ಎಲ್ಲಿದೆ ಎಂದು ಹತ್ತಿರದ ಅಗ್ನಿಶಾಮಕ ಠಾಣೆಯವರಿಗೆ ತೋರಿಸಿದ್ದಾರೆಯೇ? ಬೇರೆ ಊರಿನ ಬ್ಯಾಕಪ್‌ನಿಂದ ಪಹಣಿಯನ್ನು ನಿಜವಾಗಿ ಮರಳಿ ತೆರೆದು ನೋಡಿದ್ದು ಕೊನೆಯ ಬಾರಿ ಯಾವಾಗ? ಉತ್ತರದ ಕೆಳಗೆ ಹೆಸರು, ಹುದ್ದೆ ಸಮೇತ ಒಬ್ಬ ಎಂಜಿನಿಯರ್ ಸಹಿ ಹಾಕಬೇಕು. ಸಹಿ ಹಾಕಲು ಯಾರೂ ಮುಂದೆ ಬಾರದ ಕೇಂದ್ರದಿಂದ ಜನರ ದಾಖಲೆಗಳನ್ನು ಕೂಡಲೇ ಹೊರತೆಗೆಯಬೇಕು.