ಹಿತ್ತಲೇ ಇಲ್ಲದವರಿಗೆ ಪರ್ಮಾಕಲ್ಚರ್ ಪಾಠ

ಕಳೆದ ವಾರ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಬಂತು. ಮಣ್ಣಿನ ಗೋಡೆ, ಬುಟ್ಟಿಯಲ್ಲಿ ನಾಲ್ಕು ನಾಟಿ ಮೊಟ್ಟೆ, ಪಕ್ಕದಲ್ಲಿ ಎದೆ ಉಬ್ಬಿಸಿ ನಿಂತ ಕೆಂಪು ಹುಂಜ. ‘ಮನೆಯಲ್ಲೇ ಪರ್ಮಾಕಲ್ಚರ್: ಕೈತೋಟ, ಕೋಳಿ, ಅಡುಗೆ. ಆಟಿ ಮಳೆಯಲ್ಲಿ ಎರಡು ದಿನದ ಶಿಬಿರ.’ ಜಾಗ ನಮ್ಮ ಭಾಗಮಂಡಲದ ಕಡೆಯ ಒಂದು ಹೋಂಸ್ಟೇ. ಶುಲ್ಕ ತಲೆಗೆ ಆರು ಸಾವಿರ. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಸಾತ್ವಿಕ ಊಟ ಮಾತ್ರ.’

ಕೋಳಿ ಶಿಬಿರದಲ್ಲಿ ಕೋಳಿ ಸಾರಿಲ್ಲ! ಅದೂ ಕೊಡಗಿನಲ್ಲಿ. ನಗು ಬಂತು, ಬಿಟ್ಟೆ.

ಎರಡು ದಿನ ಬಿಟ್ಟು ಅವರೇ ನಮ್ಮ ಮನೆಗೆ ಬಂದರು. ಬಂದಿದ್ದು ಅವ್ವನನ್ನು ಹುಡುಕಿಕೊಂಡು. ‘ಅಮ್ಮಾ, ನೀವು ಬಂದು ಕೆಸದ ಸೊಪ್ಪಿನ ಅಡುಗೆ, ಕಣಿಲೆ ಹೆಚ್ಚೋದು, ಮದ್ದು ಸೊಪ್ಪಿನ ಪಾಯಸ ತೋರಿಸಿಕೊಡಬೇಕು. ಕೋಳಿ ಸಾಕೋದರ ಬಗ್ಗೆ ನಾಲ್ಕು ಮಾತಾಡಿ. ದಿನಕ್ಕೆ ಐನೂರು ಕೊಡ್ತೀವಿ’ ಅಂದರು. ಒಳ್ಳೆ ಜನ, ಮರ್ಯಾದೆಯಿಂದಲೇ ಮಾತಾಡಿದರು. ಅವರು ಹೋದ ಮೇಲೆ ಪರ್ಮಾಕಲ್ಚರ್ ಅಂದ್ರೆ ಏನು ಅಂತ ಅವ್ವ ಕೇಳಿದಳು. ನನಗೆ ತಿಳಿದಷ್ಟು ಹೇಳಿದೆ. ಎಲ್ಲಾ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಅವರಿಗೆ ಎಷ್ಟು ಎಕರೆ ಮಗಾ?’

ಬಂಧುಗಳೇ, ಈ ಪೋಸ್ಟ್ ಬರೀತಿರೋದು ಆ ಒಂದು ಪ್ರಶ್ನೆಗಾಗಿ.

ಮೊದಲೇ ಹೇಳಿಬಿಡ್ತೀನಿ, ನನಗೆ ಪರ್ಮಾಕಲ್ಚರ್ ಮೇಲೆ ಸಿಟ್ಟಿಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ಅನ್ನೋ ಇಬ್ಬರು 1970ರ ದಶಕದಲ್ಲಿ ಈ ಪದ ಕಟ್ಟಿದರು, 1978ರಲ್ಲಿ ಪುಸ್ತಕ ಬಂತು. ಪರ್ಮನೆಂಟ್ ಮತ್ತು ಅಗ್ರಿಕಲ್ಚರ್ ಎರಡೂ ಸೇರಿ ಪರ್ಮಾಕಲ್ಚರ್. ಒಂದರ ಕಸ ಇನ್ನೊಂದಕ್ಕೆ ಊಟ ಆಗಬೇಕು, ಒಂದು ಗಿಡದ ನೆರಳಲ್ಲಿ ಇನ್ನೊಂದು ಗಿಡ ಬೆಳೀಬೇಕು, ಹೊರಗಿಂದ ತರೋದು ಕಡಿಮೆ ಆಗಬೇಕು. ಒಳ್ಳೆಯ ಮಾತು. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಮಾತು. ‘ಹಿತ್ತಲ ಗಿಡ ಮದ್ದಲ್ಲ’ ಅಂತ ಗಾದೆ ಇದೆಯಲ್ಲ, ಹಾಗೆ ನಮ್ಮವರದ್ದು ಮದ್ದಾಗಲು ಟಾಸ್ಮೇನಿಯಾ ಸುತ್ತಿ ಬರಬೇಕಾಯ್ತು. ಅದಕ್ಕೂ ನನ್ನ ತಕರಾರಿಲ್ಲ.

ನನ್ನ ತಕರಾರು ಬೇರೆ. ಆ ಗಾದೆಯಲ್ಲಿ ಗಿಡಕ್ಕೆ ಮೊದಲು ‘ಹಿತ್ತಲ’ ಅಂತ ಒಂದು ಪದ ಇದೆ. ಅದು ಯಾರ ಹತ್ತಿರ ಇದೆ?

ನಾನು ಹುಟ್ಟಿದ್ದು ಕಾಫಿ ತೋಟದ ಲೈನ್‌ಮನೆಯಲ್ಲಿ. ಒಂದು ಕೋಣೆ, ಮುಂದೆ ಒಂದು ಜಗಲಿ, ಗೋಡೆಗೆ ಗೋಡೆ ಅಂಟಿಕೊಂಡು ಹತ್ತು ಸಂಸಾರ. ಬಾಗಿಲು ದಾಟಿದರೆ ತೋಟ. ಆ ತೋಟದ ಒಂದೊಂದು ಗಿಡದ ಬುಡವನ್ನೂ ಅವ್ವ ಕೆರೆದಿದ್ದಾಳೆ, ಗೊಬ್ಬರ ಹಾಕಿದ್ದಾಳೆ, ಹಣ್ಣು ಕೊಯ್ದಿದ್ದಾಳೆ. ಆದರೆ ಬಾಗಿಲ ಪಕ್ಕ ಒಂದು ಕುಂಬಳ ಬಳ್ಳಿ ಹಬ್ಬಿಸೋಕೆ ರೈಟರ ಹತ್ತಿರ ಕೇಳಬೇಕಿತ್ತು. ಅವ್ವ ಎರಡು ಹೇಂಟೆ ಸಾಕಿದ್ದಳು. ಒಂದು ದಿನ ಅವು ಕಾಫಿ ಒಣಗಿಸೋ ಕಣಕ್ಕೆ ಹೋಗಿ ಕೆದಕಿದವು. ಅವತ್ತೇ ಸಂಜೆ ಆರ್ಡರ್ ಬಂತು: ಲೈನಲ್ಲಿ ಇನ್ನು ಮೇಲೆ ಕೋಳಿ ಕೂಡದು. ಮೊಟ್ಟೆ ಮೇಲೆ ಕೂತಿದ್ದ ಹೇಂಟೆಯನ್ನು ಅವ್ವ ಎಬ್ಬಿಸಿ ಸಂತೆಗೆ ಕೊಟ್ಟಳು. ಮರಿ ಆಗೋಕೆ ಇಪ್ಪತ್ತೊಂದು ದಿನ ಬೇಕು, ಹದಿನಾರೋ ಹದಿನೇಳೋ ದಿನ ಆಗಿತ್ತು. ನನಗಾಗ ಒಂಬತ್ತು ವರ್ಷ. ಆ ಹೇಂಟೆ ಬುಟ್ಟಿಯೊಳಗಿಂದ ಕೂಗಿದ್ದು ಈಗಲೂ ಕಿವಿಯಲ್ಲಿದೆ.

ಇವತ್ತು ಅದೇ ಕೆದಕುವಿಕೆಗೆ ಶಿಬಿರದಲ್ಲಿ ‘ಚಿಕನ್ ಟ್ರ್ಯಾಕ್ಟರ್’ ಅಂತ ಹೆಸರು. ಕೋಳಿ ಕೆದಕಿದರೆ ಮಣ್ಣು ಸಡಿಲ ಆಗುತ್ತೆ, ಹುಳ ಸಾಯುತ್ತೆ, ಹಿಕ್ಕೆ ಗೊಬ್ಬರ ಆಗುತ್ತೆ. ನಿಜವೇ. ಆದರೆ ನಮ್ಮ ಕೋಳಿ ಕೆದಕಿದರೆ ನಷ್ಟ, ನಿಮ್ಮ ಕೋಳಿ ಕೆದಕಿದರೆ ವಿಜ್ಞಾನ. ಇದು ಯಾವ ನ್ಯಾಯ ಸ್ವಾಮಿ?

ಇನ್ನು ಕೆಸ, ಕಣಿಲೆ, ಅಣಬೆ, ಏಡಿ. ಶಿಬಿರದವರು ಇದಕ್ಕೆ ‘ಕಾಡಿನ ಆಹಾರ ಸಂಸ್ಕೃತಿ’ ಅಂತಾರೆ. ನಮ್ಮ ಕಡೆ ಮಳೆ ಲೆಕ್ಕ ಇಂಚಿನಲ್ಲಿ. ಕೆಲವು ವರ್ಷ ಇನ್ನೂರು ಇಂಚು ದಾಟುತ್ತೆ. ಕಾವೇರಿ, ಕನ್ನಿಕೆ ಎರಡೂ ಉಕ್ಕಿ ಸಂಗಮ ಮುಳುಗಿದ ದಿನ ತೋಟದಲ್ಲಿ ಕೆಲಸ ಇರಲ್ಲ. ಕೆಲಸ ಇಲ್ಲ ಅಂದ್ರೆ ಕೂಲಿ ಇಲ್ಲ, ಕೂಲಿ ಇಲ್ಲ ಅಂದ್ರೆ ಅಕ್ಕಿ ಇಲ್ಲ. ಆಗ ಅವ್ವ ಗೊರಬೆ ಹಾಕ್ಕೊಂಡು ತೋಡಿನ ಬದಿಗೆ ಹೋಗಿ ಕೆಸ ಕಿತ್ತು ತರುತ್ತಿದ್ದಳು. ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ಕೆರೆಯುತ್ತೆ. ಕಣಿಲೆಯನ್ನು ಹೆಚ್ಚಿ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು, ಇಲ್ಲಾಂದ್ರೆ ವಿಷ. ಇದನ್ನೆಲ್ಲ ಅವ್ವ ಕಲಿತಿದ್ದು ಹಸಿವಿನ ಶಾಲೆಯಲ್ಲಿ. ರುಚಿ ಇದೆ, ಖಂಡಿತ ಇದೆ, ಈಗಲೂ ನಾನು ಚಪ್ಪರಿಸಿ ತಿಂತೀನಿ. ಆದರೆ ಹಸಿವಿನ ಭಾಗ ಕತ್ತರಿಸಿ ರುಚಿಯ ಭಾಗ ಮಾತ್ರ ಮಾರಬೇಡಿ. ಹಳ್ಳಿಯನ್ನು ಸ್ವರ್ಗ ಅಂತ ಹಾಡಿ ಹೊಗಳಬೇಡಿ ಅಂತ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು. ಹಾಡುವವರು ಇನ್ನೂ ಹಾಡ್ತಾನೇ ಇದ್ದಾರೆ, ಈಗ ಟಿಕೆಟ್ ಇಟ್ಟು.

ಈಗ ನನ್ನ ಮನೆ ವಿಷಯ. ನಮ್ಮದು ಮೂರು ಸೆಂಟ್. 94ಸಿ ಅಡಿ ಅರ್ಜಿ ಹಾಕಿ ಹಕ್ಕುಪತ್ರ ಕೈಗೆ ಬರುವಷ್ಟರಲ್ಲಿ ಏಳು ವರ್ಷ ಆಯ್ತು. ನಾನೂ ಕ್ಲರ್ಕೇ, ಫೈಲ್ ಹೇಗೆ ಮಲಗುತ್ತೆ, ಯಾರು ತಟ್ಟಿದರೆ ಏಳುತ್ತೆ ಅಂತ ಗೊತ್ತಿದ್ದೂ ಏಳು ವರ್ಷ. ಗೊತ್ತಿಲ್ಲದವರ ಗತಿ ಯೋಚಿಸಿ. ಆ ಮೂರು ಸೆಂಟಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ನಮ್ಮ ಸಂಸಾರ ಹೀಗಿದೆ. ಪಾತ್ರೆ ತೊಳೆದ ನೀರು ಎರಡು ಬಾಳೆಗೆ. ಬಾಳೆ ಬುಡದಲ್ಲಿ ಕೆಸ. ಗೋಡೆ ಪಕ್ಕ ಗಾಂಧಾರಿ ಮೆಣಸು, ಕರಿಬೇವು, ನುಗ್ಗೆ. ಚಪ್ಪರಕ್ಕೆ ಹೀರೆ. ಎಂಟು ಹೇಂಟೆ, ಒಂದು ಹುಂಜ. ಮಳೆಗಾಲದಲ್ಲಿ ನೆಲ ಒದ್ದೆ ಆದರೆ ಕೋಳಿಗೆ ಸೀತ ಹಿಡಿಯುತ್ತೆ. ಅದಕ್ಕೆ ಗೂಡನ್ನು ನೆಲದಿಂದ ಎರಡಡಿ ಎತ್ತರಿಸಿ, ಕೆಳಗೆ ತರಗು, ಕಾಫಿ ಹೊಟ್ಟು ದಪ್ಪವಾಗಿ ಹಾಸಿದ್ದೀವಿ. ಮೂರು ತಿಂಗಳಿಗೆ ಅದೇ ಗೊಬ್ಬರ. ಮರಿಗಳಿಗೆ ಏಳನೇ ದಿನಕ್ಕೆ ಪಶು ಆಸ್ಪತ್ರೆಯಿಂದ ಲಸೋಟಾ ಹನಿ ಹಾಕಿಸಬೇಕು. ಹಾಕಿಸದಿದ್ದರೆ ಕೊಕ್ಕರೆ ರೋಗ ಬಂದು ಒಂದೇ ವಾರಕ್ಕೆ ಗೂಡು ಖಾಲಿ ಆಗುತ್ತೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. ಅರ್ಧ ಮನೆಗೆ, ಅರ್ಧ ಮರಿಗೆ. ಇಷ್ಟೇ ನಮ್ಮ ಪರ್ಮಾಕಲ್ಚರ್. ಮಾಡಿ ನೋಡಿ, ಫೀಸ್ ಇಲ್ಲ.

ಆದರೆ ಇದು ಶುರು ಆಗಿದ್ದು ಯಾವಾಗ ಅಂತ ಗಮನಿಸಿ. ಹಕ್ಕುಪತ್ರ ಬಂದ ಮೇಲೆ. ಅಲ್ಲಿತನಕ ನಾವು ಒಂದು ನುಗ್ಗೆ ಕೊಂಬೆ ಕೂಡ ನೆಟ್ಟಿರಲಿಲ್ಲ. ನಾಳೆ ಎದ್ದು ಹೋಗು ಅಂತಾರೆ ಅಂದ್ರೆ ಹಲಸಿನ ಬೀಜ ಯಾರು ಊರ್ತಾರೆ? ‘ಪರ್ಮನೆಂಟ್’ ಅನ್ನೋ ಪದದ ಅರ್ಥ ಅಲ್ಲಿದೆ. ಕಾಲ ಕೆಳಗಿನ ನೆಲ ಪರ್ಮನೆಂಟ್ ಆಗದೆ ಯಾವ ಕಲ್ಚರೂ ಪರ್ಮನೆಂಟ್ ಆಗಲ್ಲ.

ಈ ಜಿಲ್ಲೆಯಲ್ಲಿ ನಮ್ಮ ಮತ್ತು ಮಣ್ಣಿನ ಸಂಬಂಧ ಹೇಗಿತ್ತು? ಕೊಡಗಿನಲ್ಲಿ ಜೀತದ ಹೊಲೆಯರು ಎರಡು ಬಗೆ ಇದ್ದರು ಅಂತ ಬ್ರಿಟಿಷರ ಕಾಲದ ಬರಹಗಳಲ್ಲಿದೆ. ಜಮೀನು ಕೈ ಬದಲಾದರೆ ಅದರ ಜೊತೆ ತಾವೂ ಕೈ ಬದಲಾಗುವವರು ಒಂದು ಬಗೆ. ಒಡೆಯ ಬೇಕಾದಾಗ ಮಾರಬಹುದಾದ, ಅಡ ಇಡಬಹುದಾದವರು ಇನ್ನೊಂದು ಬಗೆ. ಅಂದ್ರೆ ನಮಗೆ ಭೂಮಿ ಇರಲಿಲ್ಲ, ಭೂಮಿಗೆ ನಾವಿದ್ದೆವು. 1843ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯ್ತು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂತು. ನಡುವೆ 1974ರ ಭೂಸುಧಾರಣೆ, ಉಳುವವನೇ ಹೊಲದೊಡೆಯ. ರಾಜ್ಯದ ಎಷ್ಟೋ ಗೇಣಿದಾರರು ಒಡೆಯರಾದರು, ಸಂತೋಷ. ಆದರೆ ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರ್ ತೋಟಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ. ತೋಟದ ಕೂಲಿಯಂತೂ ಗೇಣಿದಾರನೂ ಅಲ್ಲ. ಕಾಫಿಯೇ ಜೀವ ಆಗಿರೋ ಕೊಡಗಿನ ಲೈನ್‌ಮನೆಯವರಿಗೆ ಆ ಸುಧಾರಣೆ ರೇಡಿಯೋದಲ್ಲಿ ಕೇಳಿದ ಸುದ್ದಿ, ಅಷ್ಟೇ.

ಲೈನ್‌ಮನೆ ಬಿಟ್ಟು ಬಂದು ಸ್ವಂತ ಗುಡಿಸಲು ಹಾಕಿದವರಿಗೆ ಏನಾಯ್ತು? 2016ರ ಡಿಸೆಂಬರ್, ದಿಡ್ಡಳ್ಳಿ. ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಜಾಗ ಅಂತ ಕಿತ್ತು ಹಾಕಿದರು. ಚಳಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಹೆಣ್ಣುಮಕ್ಕಳೇ ಮುಂದೆ ನಿಂತು ಹೋರಾಡಿದರು. ಆಮೇಲೆ ಕುಶಾಲನಗರದ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಹೋರಾಡದಿದ್ದರೆ ಅದೂ ಸಿಗುತ್ತಿರಲಿಲ್ಲ.

ಇದರ ಪಕ್ಕ ಇನ್ನೊಂದು ಕಾನೂನು ಇಟ್ಟು ನೋಡಿ. ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ, ಮೆಣಸು ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಲೆಕ್ಕ ನನ್ನ ಕಸುಬು, ಮಾಡಿ ತೋರಿಸ್ತೀನಿ. 25 ಎಕರೆ ಅಂದ್ರೆ 2500 ಸೆಂಟ್. ಮೂರು ಸೆಂಟಿನಂತೆ ಹಂಚಿದರೆ 833 ಮನೆ. ಒಬ್ಬನ ಒತ್ತುವರಿಯಲ್ಲಿ ದಿಡ್ಡಳ್ಳಿಯ ಅಷ್ಟೂ ಜನಕ್ಕೆ ನೆಲೆ ಸಿಕ್ಕಿ ಇನ್ನೂ ಮಿಗುತ್ತಿತ್ತು. ಒತ್ತುವರಿ 25 ಎಕರೆ ಆದರೆ ಅದಕ್ಕೆ ‘ಬೆಳೆಗಾರರ ಸಮಸ್ಯೆ’ ಅಂತ ಹೆಸರು. ಮೂರು ಸೆಂಟ್ ಆದರೆ ‘ಅಕ್ರಮ’. ಬರೋದು ಜೆಸಿಬಿ.

‘ಎಲ್ಲದಕ್ಕೂ ಜಾತಿ ತರ್ತೀರಿ, ಕೈತೋಟಕ್ಕೂ ಜಾತಿನಾ?’ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕೈತೋಟಕ್ಕೆ ಜಾತಿ ನಾನು ತಂದಿಲ್ಲ, ಅದು ಮೊದಲೇ ಬಂದು ಕೂತಿದೆ. ತಲೆ ಮೇಲೆ ಗೊಬ್ಬರದ ಬುಟ್ಟಿ ಹೊತ್ತು ತೋಟಕ್ಕೆ ಹೋದ ನಮ್ಮ ಹೆಂಗಸರನ್ನು ‘ದೂರ ನಿಲ್ಲು’ ಅಂದವರ ಮೊಮ್ಮಕ್ಕಳು ಈಗ ಅದೇ ಗೊಬ್ಬರಕ್ಕೆ ಕೈ ಹಾಕಿ ಸೆಲ್ಫಿ ತೆಗೀತಾರೆ. ನಾವು ಮುಟ್ಟಿದಾಗ ಹೊಲಸು, ನೀವು ಮುಟ್ಟಿದಾಗ ಆರ್ಗ್ಯಾನಿಕ್. ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರೇ 1970ರ ದಶಕದಲ್ಲಿ ಆದೇಶ ಹೊರಡಿಸಬೇಕಾಯ್ತು. ‘ಕಸದಿಂದ ರಸ’ ಅಂತ ಮಾತಾಡುವ ಯಾವ ಶಿಬಿರದಲ್ಲಾದರೂ ಅವರ ಹೆಸರು ಕೇಳಿದ್ದೀರಾ? ಕಸದ ಜೊತೆ ಅತಿ ಹೆಚ್ಚು ಕಾಲ ಬದುಕಿದವರು ಯಾರು ಅಂತ ಒಮ್ಮೆಯಾದರೂ ಕೇಳಬೇಡವೇ?

ಮೊಟ್ಟೆಯದ್ದೂ ಇದೇ ಕಥೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಮಕ್ಕಳೇ ಕ್ಯಾಮೆರಾ ಮುಂದೆ ನಿಂತು ‘ನಮಗೆ ಮೊಟ್ಟೆ ಬೇಕು’ ಅಂದರು. ಪೋಸ್ಟರಿನ ಬುಟ್ಟಿಯಲ್ಲಿ ಮೊಟ್ಟೆ ಚಂದ, ಬಡ ಮಗುವಿನ ತಟ್ಟೆಯಲ್ಲಿ ಅಪವಿತ್ರ. ಕೋಳಿ ಗೊಬ್ಬರ ಕೊಡಬೇಕು, ಫೋಟೋಗೆ ನಿಲ್ಲಬೇಕು, ಸಾರಾಗಬಾರದು. ಇದು ಪ್ರಕೃತಿ ಪ್ರೇಮ ಅಲ್ಲ, ಹಳೇ ಮಡಿಗೆ ಹೊಸ ಹಸಿರು ಬಟ್ಟೆ.

ನಮ್ಮವರಿಗೂ ಒಂದು ಮಾತು. ಸೈಟ್ ಸಿಕ್ಕ ಮೇಲೆ ಇಡೀ ಜಾಗಕ್ಕೆ ಸಿಮೆಂಟ್ ಬಳಿದು, ‘ಕೋಳಿ ಸಾಕೋದು ಹಳೇ ಕಾಲದ ಕೇರಿಯವರ ಬುದ್ಧಿ’ ಅಂತ ನಾಚಿಕೊಂಡು, ಶನಿವಾರ ಬ್ರಾಯ್ಲರ್‌ಗೆ ಕ್ಯೂ ನಿಲ್ಲೋದನ್ನು ನೋಡಿದ್ದೀನಿ. ನಾಚಿಕೆ ಯಾಕೆ ಅಂತ ನನಗೆ ಅರ್ಥ ಆಗುತ್ತೆ, ನಾನೂ ಕಾಲೇಜಲ್ಲಿ ಕೆಸ ತಿಂದದ್ದನ್ನು ಮುಚ್ಚಿಟ್ಟವಳೇ. ಆದರೆ ನಮ್ಮ ಮನೆಯ ವಿದ್ಯೆಯನ್ನು ನಾವು ಬಿಟ್ಟ ಜಾಗದಲ್ಲೇ ಇನ್ಯಾರೋ ಬೋರ್ಡ್ ಹಾಕ್ತಾರೆ. ನಾಲ್ಕು ಹೇಂಟೆ, ಒಂದು ನುಗ್ಗೆ ಮರ ಇರೋ ಮನೆಯ ಹೆಂಗಸು ಮಗುವಿಗೆ ಜ್ವರ ಬಂದರೆ ಸಾಲಕ್ಕೆ ಯಾರ ಬಾಗಿಲಿಗೂ ಹೋಗಲ್ಲ, ಎರಡು ಕೋಳಿ ಮಾರ್ತಾಳೆ. ಅದು ಸ್ವಾಭಿಮಾನ.

ಸರ್ಕಾರಕ್ಕೆ ಕೇಳೋದು ಇಷ್ಟೇ. ನಿವೇಶನ ಕೊಡುವಾಗ ಗೋಡೆಗೆ ಗೋಡೆ ತಾಗುವ ಇನ್ನೊಂದು ಲೈನ್‌ಮನೆ ಕಟ್ಟಿ ಕೊಡಬೇಡಿ, ಹಿತ್ತಲ ಸಮೇತ ಕೊಡಿ. ಮಲಗಿರುವ 94ಸಿ ಅರ್ಜಿಗಳನ್ನು ಎಬ್ಬಿಸಿ. 25 ಎಕರೆಗೆ ಗುತ್ತಿಗೆ ಬರೆಯುವ ಮೊದಲು ಅದೇ ಊರಿನ ನಿವೇಶನ ಇಲ್ಲದವರ ಪಟ್ಟಿ ತೆಗೆದು ಓದಿ. ತೋಟ ಮುಗಿದ ಮೇಲೆ, ವಯಸ್ಸಾದ ಮೇಲೆ ಲೈನ್‌ಮನೆಯಿಂದ ಹೊರಗೆ ಬೀಳುವವರಿಗೆ ನೆಲ ಎಲ್ಲಿ ಅಂತ ಉತ್ತರ ಕೊಡಿ.

ಕೊನೆಗೆ, ಅವ್ವ ಏನು ಹೇಳಿದಳು ಅಂತ ಕೇಳ್ತೀರಿ. ನಿನ್ನೆ ಅವರು ಫೋನ್ ಮಾಡಿದ್ದರು. ಅವ್ವ ಅಂದಳು: ‘ಬರ್ತೀನಿ. ಆದ್ರೆ ಹೇಳಿಕೊಡೋರಿಗೆ ಕೂಲಿ ಕೊಡಲ್ಲ, ಫೀಸ್ ಕೊಡ್ತಾರಂತೆ. ನನಗೆ ದಿನಕ್ಕೆ ಮೂರು ಸಾವಿರ ಕೊಡಿ. ಒಂದು ಹೊತ್ತು ಕೋಳಿ ಸಾರು ನಾನೇ ಮಾಡ್ತೀನಿ. ಎಲ್ಲರ ಜೊತೆ ಅದೇ ಸಾಲಿನಲ್ಲಿ ಕೂತು ಉಣ್ತೀನಿ.’

‘ನೋಡಿ ತಿಳಿಸ್ತೀವಿ ಅಮ್ಮಾ’ ಅಂದರು. ಇನ್ನೂ ತಿಳಿಸಿಲ್ಲ. ಶಿಬಿರಕ್ಕೆ ಇನ್ನು ಹತ್ತು ದಿನ ಇದೆ, ಕಾಯ್ತಾ ಇದ್ದೀವಿ.

ಜೈ ಭೀಮ್.