ಮುಂಗಡ ಕೊಡುವ ಮುನ್ನ ಬಡಾವಣೆಯ ನಾಡಿ ನೋಡಿ

ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಬದನೆಕಾಯಿಯನ್ನು ತಿರುಗಿಸಿ ಹುಳುಕು ಹುಡುಕುತ್ತೇವೆ. ಆದರೆ ಜೀವಮಾನದ ಉಳಿತಾಯ ಸುರಿದು, ಇಪ್ಪತ್ತು ವರ್ಷದ ಸಾಲ ಹೊತ್ತು ಮನೆ ಕೊಳ್ಳುವಾಗ ಎಷ್ಟು ಜನ ಆ ಬಡಾವಣೆಯನ್ನು ಇಷ್ಟೇ ಎಚ್ಚರದಿಂದ ಪರೀಕ್ಷಿಸುತ್ತಾರೆ? ಭಾನುವಾರ ಬೆಳಿಗ್ಗೆ ಒಮ್ಮೆ ಹೋಗಿ ಅಡುಗೆಮನೆ, ವಾಸ್ತು, ಕಾರು ನಿಲ್ಲಿಸುವ ಜಾಗ ನೋಡಿ ಬಂದರೆ ಮುಗಿಯಿತು. ‘ಅದು ಶ್ರೀಮಂತರಿರುವ ಏರಿಯಾ, ಅಲ್ಲೇನು ತೊಂದರೆ ಇದ್ದೀತು?’ ಎಂಬ ನಂಬಿಕೆ ಉಳಿದುದನ್ನೆಲ್ಲ ಮರೆಸಿಬಿಡುತ್ತದೆ.

ಚದರಡಿಯ ಬೆಲೆ ಹೆಚ್ಚಿದ ಮಾತ್ರಕ್ಕೆ ಆರೋಗ್ಯ ಹೆಚ್ಚುವುದಿಲ್ಲ. ಬೆಂಗಳೂರಿನ ಕೋರಮಂಗಲವನ್ನೇ ತೆಗೆದುಕೊಳ್ಳಿ. ಮರಗಳ ನೆರಳು, ಉದ್ಯಾನ, ಕೈಗೆಟಕುವ ದೂರದಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ. ನಗರದ ದುಬಾರಿ ಬಡಾವಣೆಗಳಲ್ಲಿ ಅದೂ ಒಂದು. ಆದರೆ ನಗರದ ಮಳೆನೀರು, ಕೊಳಚೆ ನೀರು ಬೆಳ್ಳಂದೂರು ಕೆರೆಯ ಕಡೆಗೆ ಇಳಿದು ಹೋಗುವ ಕಣಿವೆಯೂ ಇಲ್ಲಿಯದೇ. ನಾಲ್ಕನೇ ಬ್ಲಾಕಿನ ತಗ್ಗಿನಲ್ಲಿರುವ ಎಸ್.ಟಿ. ಬೆಡ್ ಬಡಾವಣೆಯ ಹೆಸರೇ ಕಥೆ ಹೇಳುತ್ತದೆ. ‘ಎಸ್.ಟಿ.’ ಎಂದರೆ ಶ್ರೀನಿವಾಗಿಲು ಟ್ಯಾಂಕ್, ಅಂದರೆ ಹಿಂದೆ ಕೆರೆಯ ಅಂಗಳವಾಗಿದ್ದ ಜಾಗ. ಜೋರು ಮಳೆಗೆ ಇಲ್ಲಿನ ಮನೆಗಳಿಗೆ ನೀರು ನುಗ್ಗಿದ್ದು ಒಂದೆರಡು ಸಲವಲ್ಲ. ಸ್ವಲ್ಪ ದೂರದಲ್ಲೇ ಎತ್ತರದಲ್ಲಿರುವವರಿಗೆ ಈ ಕಷ್ಟ ಗೊತ್ತೇ ಇಲ್ಲ. ಬಡಾವಣೆಯ ಹೆಸರು ಒಂದೇ, ಬದುಕು ಬೇರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರಿನ ಕೋಟಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರತರಬೇಕಾಯಿತು. ನೀರಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ನೆರೆ ಇಳಿದರೆ ಕಷ್ಟ ಇಳಿಯಿತೆಂದಲ್ಲ. ಚರಂಡಿ ನೀರು ಸಂಪಿಗೆ ಸೇರಿದರೆ ವಾಂತಿ-ಭೇದಿ, ಟೈಫಾಯಿಡ್, ಕಾಮಾಲೆ ಹಿಂದೆಯೇ ಬರುತ್ತವೆ. ಗೋಡೆ ಹೀರಿದ ತೇವಕ್ಕೆ ಬೂಸ್ಟು ಬೆಳೆಯುತ್ತದೆ. ಆಸ್ತಮಾ ಇರುವ ಮಗುವಿಗೆ ಅದು ದಿನನಿತ್ಯದ ಶತ್ರು. ಆದ್ದರಿಂದ ಮನೆಯನ್ನು ಮಳೆ ಬಂದ ದಿನ ಹೋಗಿ ನೋಡಿ. ಕಾಂಪೌಂಡ್ ಗೋಡೆಯ ಮೇಲೆ ನೀರು ನಿಂತ ಗುರುತು ಇದೆಯೇ ಗಮನಿಸಿ. ಬೀದಿ ಕೊನೆಯ ಅಂಗಡಿಯವರನ್ನು, ಇಸ್ತ್ರಿ ಮಾಡುವವರನ್ನು ಕೇಳಿ. ದಲ್ಲಾಳಿ ಹೇಳದ ಸತ್ಯವನ್ನು ಅವರು ಹೇಳುತ್ತಾರೆ. ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಆ ಸರ್ವೆ ನಂಬರಿನ ಸುತ್ತ ಕೆರೆ, ರಾಜಕಾಲುವೆ ಇದೆಯೇ ಎಂಬುದನ್ನೂ ನೋಡಬಹುದು.

ಇನ್ನು ಕುಡಿಯುವ ನೀರು. ಕಾವೇರಿ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ ನೀರು ಬರುತ್ತದೆ, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರು ತರಿಸುತ್ತಾರೆ ಎಂದು ವಿಚಾರಿಸಿ. ಕೊಳವೆ ಬಾವಿಯ ನೀರಾದರೆ ಪ್ರಯೋಗಾಲಯದ ವರದಿ ಕೇಳಿ. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮೀರಿದ್ದರೆ ಕೊಳಚೆ ಅಂತರ್ಜಲಕ್ಕೆ ಇಳಿದಿದೆ ಎಂದು ಅನುಮಾನಿಸಬೇಕು. ಎಳೆಯ ಕೂಸುಗಳಿಗೆ ಇದು ಅಪಾಯಕಾರಿ. ಅನೇಕ ತಾಯಂದಿರು ‘ಕುದಿಸಿದರೆ ಆಯಿತಲ್ಲ’ ಎಂದುಕೊಳ್ಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ.

ಸೊಳ್ಳೆಯ ವಿಷಯದಲ್ಲಿ ಶ್ರೀಮಂತ ಬಡಾವಣೆಗೆ ವಿಶೇಷ ಕಷ್ಟವೊಂದಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಹೆಚ್ಚಾಗಿ ನಿಂತ ತಿಳಿನೀರಿನಲ್ಲಿ. ಹೂಕುಂಡದ ತಟ್ಟೆ, ಬೀಗ ಹಾಕಿದ ಬಂಗಲೆಯ ತೊಟ್ಟಿ, ಪಕ್ಕದ ಸೈಟಿನಲ್ಲಿ ಏಳುತ್ತಿರುವ ಕಟ್ಟಡದ ನೀರು ಅದಕ್ಕೆ ಸಾಕು. ಅದು ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ಹೆಚ್ಚು ದೂರ ಹಾರುವುದಿಲ್ಲ. ನಿಮ್ಮನ್ನು ಕಚ್ಚುವ ಸೊಳ್ಳೆ ನಿಮ್ಮ ನೆರೆಮನೆಯದೇ! 2024ರಲ್ಲಿ ಡೆಂಗಿಯನ್ನು ಕರ್ನಾಟಕ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು ಎಂಬುದನ್ನು ಮರೆಯದಿರಿ.

ನಿದ್ರೆಯೂ ಆರೋಗ್ಯವೇ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ 45 ಡೆಸಿಬಲ್ ದಾಟಬಾರದೆಂಬ ನಿಯಮ 2000ದಿಂದಲೇ ಇದೆ. ಆದರೆ ಪಬ್ಬು, ಹೋಟೆಲುಗಳ ಸಾಲಿನ ಹಿಂದಿನ ಮನೆಯಲ್ಲಿ ಆ ನಿಯಮ ಎಷ್ಟು ನಡೆಯುತ್ತದೆಂದು ಶನಿವಾರ ರಾತ್ರಿ ಹನ್ನೊಂದಕ್ಕೆ ಅಲ್ಲಿ ನಿಂತರೆ ತಿಳಿಯುತ್ತದೆ. ರಾತ್ರಿಯ ಗದ್ದಲ ನಿದ್ರೆಯ ಜೊತೆಗೆ ರಕ್ತದೊತ್ತಡವನ್ನೂ ಕೆಡಿಸುತ್ತದೆ. ಹೊಗೆಯ ಲೆಕ್ಕವೂ ಹೀಗೆಯೇ. ಮುಖ್ಯರಸ್ತೆಗೆ ಮುಖಮಾಡಿದ ಮನೆಗಿಂತ ಎರಡು ಅಡ್ಡರಸ್ತೆ ಒಳಗಿನ ಮನೆ ಶ್ವಾಸಕೋಶಕ್ಕೆ ಹಿತ.

ವಯಸ್ಸಾದ ತಂದೆತಾಯಿ ಜೊತೆಗಿದ್ದರೆ, ಸಂಜೆ ಏಳರ ವಾಹನ ದಟ್ಟಣೆಯಲ್ಲಿ ಆ ಮನೆಯಿಂದ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಮ್ಮೆ ಹೋಗಿ ನೋಡಿ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮಿಷಗಳಲ್ಲಿ ಅಳೆಯಿರಿ. ಪಾರ್ಶ್ವವಾಯು ಹೊಡೆದಾಗ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ, ಅದರಲ್ಲೂ ಬೇಗ ಕೊಟ್ಟಷ್ಟೂ ಒಳ್ಳೆಯದು. ಪಾದಚಾರಿ ಮಾರ್ಗದಲ್ಲಿ ಹಿರಿಯರು ಎಡವದೆ ಉದ್ಯಾನದವರೆಗೆ ನಡೆಯಬಲ್ಲರೇ ಎಂಬುದನ್ನೂ ಪರೀಕ್ಷಿಸಿ.

ಪತ್ರಗಳನ್ನು ವಕೀಲರಿಗೆ ತೋರಿಸದೆ ಯಾರೂ ನೋಂದಣಿ ಮಾಡಿಸುವುದಿಲ್ಲ. ನೀರಿನ ವರದಿ, ಚರಂಡಿಯ ಸ್ಥಿತಿ, ರಾತ್ರಿಯ ಸದ್ದು ಇವೂ ಆ ಪತ್ರಗಳಷ್ಟೇ ಮುಖ್ಯ. ಈಜುಕೊಳದ ಬಣ್ಣದ ಚಿತ್ರ ತೋರಿಸುವ ಮಾರಾಟಗಾರರು ನಲ್ಲಿ ನೀರಿನ ವರದಿಯನ್ನೂ ತೋರಿಸಲಿ. ಕೇಳಲು ಸಂಕೋಚವೇಕೆ? ಹಗಲೊಮ್ಮೆ, ಇರುಳೊಮ್ಮೆ, ಮಳೆಯಲ್ಲೊಮ್ಮೆ ಹೋಗಿ ಬನ್ನಿ. ಮೂರು ಭೇಟಿಯ ಆಟೋ ಬಾಡಿಗೆ ಎಷ್ಟಾದರೂ, ಮೂವತ್ತು ವರ್ಷದ ಔಷಧದ ಬಿಲ್ಲಿಗಿಂತ ಕಡಿಮೆಯೇ.